ಬಾಗಿಲ ಬಳೆ

ಟ್ರಾಬ್ಜೋನಿನಲ್ಲಿ ರಾತ್ರಿ ಹನ್ನೊಂದೂವರೆ.
ಇನ್‌ಕ್ಯುಬೇಟರಿನ ಬೆಚ್ಚಗಿನ ಕತ್ತಲಲ್ಲಿ
ಯಾರದೋ ಕಣ್ಣಿನ ಹಿಂಗೋಡೆಯ ಕೋಶಗಳು.
ಹೆಸರಿಲ್ಲ. ಚೀಟಿಯಲ್ಲಿ ಇಷ್ಟೇ: ಗಂಡಸು, ಅರವತ್ತೊಂದು.
ಆರು ಮೂಲೆಯ ಕಂದು ಹಾಸುಗಲ್ಲುಗಳ ಹಾಗೆ
ಸಂದು ಬಿಡದೆ ಕೂತಿವೆ ಪ್ಲಾಸ್ಟಿಕ್ ತಟ್ಟೆಯಲ್ಲಿ,
ನೋಡಲು ಏನೂ ಇಲ್ಲದೆ.

ನಿನ್ನೆ ಅವಕ್ಕೆ ಉರಿಯ ಸುದ್ದಿ ಮುಟ್ಟಿಸಿದೆ.
ಒಂದು ಹನಿ, ಅಷ್ಟೇ.
ಬೆಳಗಾಗುವುದರೊಳಗೆ ಒಂದೊಂದು ಕೋಶವೂ
ಮೈತುಂಬ ಬಾಗಿಲ ಬಳೆ ತೊಟ್ಟು ನಿಂತಿತ್ತು:
ರಕ್ತದ ಬಿಳಿ ಕಾವಲುಗಾರರು ಬರಲಿ,
ಹಿಡಿಯಲಿ, ಬಡಿಯಲಿ, ಒಳಗೆ ನುಗ್ಗಲಿ ಎಂದು.

ಅದೇ ಗೋಡೆಯಲ್ಲಿ, ಅದೇ ಬಳೆಗಳ ಪಕ್ಕದಲ್ಲೇ
ಕತ್ತರಿಯೂ ಇದೆ.
ಸತುವಿನ ಒಂದು ಕಣ ಕಚ್ಚಿಕೊಂಡ ಕಿಣ್ವ.
ಉರಿ ತಾಗಿದರೆ ಏಳುತ್ತದೆ,
ಬಳೆಯ ಬುಡಕ್ಕೆ ಬಾಯಿ ಹಾಕುತ್ತದೆ,
ಕಚಕ್.
ಬುಡದ ಮೊಳೆ ಗೋಡೆಯಲ್ಲೇ. ಬಳೆ ನೀರಿಗೆ.

ಆ ನೀರನ್ನು ಅಳೆಯುವವಳು ನಾನು.
ತೊಂಬತ್ತಾರು ಗುಳಿ. ಹಳದಿ ಏರಿದಷ್ಟೂ ಬಳೆ ಹೆಚ್ಚು.

ಮ್ಯುಝೆಯ್ಯೆನ್ ಚಿಕ್ಕಮ್ಮ ನೆನಪಾಗುತ್ತಾಳೆ.
ಅಪ್ಪ ತೀರಿದ ನಾಲ್ಕನೇ ದಿನ.
ಮೆಟ್ಟಿಲ ತುಂಬ ಬೂಟುಗಳು, ಮನೆ ತುಂಬ ಹಲ್ವದ ಘಮ,
ಬಾಗಿಲ ಹಿತ್ತಾಳೆ ಬಳೆಗೆ ಪುರುಸೊತ್ತಿಲ್ಲ.
ಅಮ್ಮನಿಗೆ ಮೂರು ರಾತ್ರಿಯಿಂದ ರೆಪ್ಪೆ ಕೂಡಿಲ್ಲ.
ಚಿಕ್ಕಮ್ಮ ಎದ್ದಳು, ಸ್ಕ್ರೂಡ್ರೈವರ್ ತಂದಳು,
ಮಾತಿಲ್ಲದೆ ಬಳೆಯನ್ನೇ ಬಿಚ್ಚಿ ಕೋಟಿನ ಜೇಬಿಗಿಳಿಸಿ
ಬ್ರೆಡ್ಡು ತರಲು ಹೊರಟಳು.
ಬೀದಿಯಲ್ಲಿ ಎದುರಾದವರು ಅವಳನ್ನೇ ಹಿಡಿದರು,
ಅವಳ ಹೆಗಲ ಮೇಲೇ ಅತ್ತರು,
ಹಗುರಾಗಿ, ಅಲ್ಲಿಂದಲೇ ವಾಪಸು ಹೋದರು.
ಅಮ್ಮ ಮಧ್ಯಾಹ್ನದವರೆಗೆ ಮಲಗಿದಳು.

ಇದೂ ಹಾಗೆಯೇ ಎಂದು ಬರೆದುಬಿಡಲೆ?
ತೇಲುವ ಬಳೆ ಕೈಗೆ ಸಿಕ್ಕ ಬಿಳಿ ಕೋಶ
ಮನೆಯೇ ಸಿಕ್ಕಿತೆಂದು ಹರಿದು ಹೋಗುತ್ತದೆ, ಕೆಲವು ಸಲ ನಿಜ.
ಆದರೆ ಡುರ್ಸುನ್,
ಕೆಳಗೆ ಕಣ್ಣಿನ ವಾರ್ಡಿನಲ್ಲಿದ್ದಾನೆ, ಇಪ್ಪತ್ತೇಳು,
ಬಂದರಿನಲ್ಲಿ ಬಲೆ ಹೊಲಿಯುವವನು.
ಮೂರು ಕೂಸು ಹೋದ ಮೇಲೆ ಹುಟ್ಟಿದವನಿಗೆ
ತಾಯಿ ಇಟ್ಟ ಹೆಸರು: ಉಳಿಯಲಿ.
ಅವನ ರಕ್ತದಲ್ಲಿ ಕಿತ್ತ ಬಳೆಗಳು ಲೆಕ್ಕ ಮೀರಿವೆ,
ಆದರೂ ಕಾವಲುಗಾರರು ಒಳಗೇ ಇದ್ದಾರೆ.
ಎಡಗಣ್ಣಿಗೆ ಬಲೆಯ ಕಣ್ಣು ಕಾಣುವುದಿಲ್ಲವಂತೆ.
‘ಬೆರಳಿಗೆ ಕಾಣ್ತದೆ ಬಿಡಿ ಡಾಕ್ಟ್ರೆ’ ಅನ್ನುತ್ತಾನೆ.
ನಾನು ಡಾಕ್ಟರಲ್ಲ. ರಕ್ತದ ಸೀಸೆ ತೆಗೆದುಕೊಂಡು ಬರುತ್ತೇನೆ.

ಎರಡನೇ ತಟ್ಟೆಯಲ್ಲಿ ಕತ್ತರಿಯ ಬಾಯಿ ಕಟ್ಟುವ ಔಷಧ ಇತ್ತು.
ಬಳೆಗಳು ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಹಳದಿ ಇಳಿಯಿತು.
ಉಳಿಯಲಿ ಎನ್ನಲೆ?
ಷರಾ ಬರೆಯುವ ಜಾಗ ಖಾಲಿ ಇದೆ.
ಚಹಾ ತಣ್ಣಗಾಗಿ ಗ್ಲಾಸಿಗೆ ಉಂಗುರ ಕಟ್ಟಿದೆ.

ಚಿಕ್ಕಮ್ಮ ಆ ಬಳೆಯನ್ನು ಮತ್ತೆ ಹಾಕಲೇ ಇಲ್ಲ.
ಈಗಲೂ ಬಂದವರು ಎತ್ತಿದ ಕೈಯನ್ನು
ಆ ಎರಡು ತೂತುಗಳ ಮುಂದೆ ಹಾಗೇ ಹಿಡಿದು
ಒಂದು ಗಳಿಗೆ ನಿಲ್ಲುತ್ತಾರೆ.