ಅಳತೆಗೆ ಕೂತವನು

ದಾಖಲೆ ಪುಸ್ತಕದಲ್ಲಿ ನನಗಿಂತ ಹಿಂದಿನವರು ಬರೆದದ್ದು:
'ಕುರ್ಚಿ. ಎತ್ತರ. ಸಣ್ಣದು. ಒಂದು.'
ಎತ್ತರವೂ ಸಣ್ಣದೂ ಹೇಗೆ ಒಂದೇ ಸಾಲಿನಲ್ಲಿ ಎಂದು
ಯಾರೂ ಕೇಳಿದಂತಿಲ್ಲ.

ಚಿಕ್ಕಬಳ್ಳಾಪುರದ ಹಳೇ ಹೈಸ್ಕೂಲಿನ ಹಿಂದಿನ ಕೋಣೆ.
ವೀರಗಲ್ಲಿನ ತುಂಡು, ಸೇರು, ಪಾವು, ಚಟಾಕು,
ಹಿಡಿ ಮುರಿದ ರೇಷ್ಮೆ ರಾಟೆ,
ಇವುಗಳ ನಡುವೆ ನಾಲ್ಕು ಕಾಲು ಅಗಲಿಸಿ ನಿಂತಿದೆ
ಈಗಷ್ಟೇ ನಿಲ್ಲಲು ಕಲಿತ ಕರುವಿನ ಹಾಗೆ.
ಬೆತ್ತದ ಹೆಣಿಗೆ ಹರಿದು ಆಸನದಲ್ಲೊಂದು ಕಿಂಡಿ.
ಮುಂದಿನ ಹಲಗೆಯ ಮೇಲೆ ಕಾವಲಿನ ಗಂಗುಲಪ್ಪ
ತನ್ನ ಬುತ್ತಿ ಇಡುತ್ತಾನೆ. ಬೇಡ ಅಂದರೆ,
'ಊಟಕ್ಕೇ ಮಾಡಿದ್ದಲ್ವೇನಮ್ಮ' ಅನ್ನುತ್ತಾನೆ.

ಶಾಲೆ ಮಕ್ಕಳು ಬಂದರೆ ಊಹೆಗಳು:
ಕ್ಷೌರದ ಕುರ್ಚಿ. ಗಿಣಿ ಕೂರಿಸೋದು. ಕುಳ್ಳ ಅಮಲ್ದಾರರದು.
ಮಗುವಿಗೆ ಉಣಿಸುವ ಕುರ್ಚಿ ಅಂದಾಗ ಒಬ್ಬಳು,
ಮುಂದಿನ ಹಲ್ಲು ಬಿದ್ದವಳು, ನಂಬಲಿಲ್ಲ:
'ಅವರಮ್ಮನಿಗೆ ಸೊಂಟ ಇರ್ಲಿಲ್ವಾ?'

ನಾನೂ ಸೊಂಟದ ಮೇಲೆ ಉಂಡವಳೇ.
ಕಾಗೆ ತೋರಿಸಿ, ಬಸ್ಸು ತೋರಿಸಿ,
ಕೊನೆಗೆ ಪೊಲೀಸಿನವನನ್ನು ತೋರಿಸಿ
ಮುದ್ದೆ ನುಂಗಿಸಿದ ಮನೆ ನಮ್ಮದು.
ನೆಲದ ಮೇಲೆ ಉಣ್ಣುವವರ ನಡುವೆ
ತೆವಳುವ ಕೂಸು ತಟ್ಟೆಗೆ ತಾನೇ ತಲುಪುತ್ತದೆ.
ಮೇಜು ಬಂದಮೇಲೆ ತಾನೆ ಮಗು ಗಿಡ್ಡವಾದದ್ದು.

ಇಷ್ಟು ಗೊತ್ತಿತ್ತು: ನಂದಿ ಬೆಟ್ಟದ ಮೇಲಿನ ಬಂಗಲೆಯದು,
ಬೇಸಿಗೆಗೆ ಬರುತ್ತಿದ್ದ ಯಾವುದೋ ದೊರೆಯ ಕೂಸಿಗೆ,
ಹಳೇ ಸಾಮಾನಿನ ಹರಾಜಿನಲ್ಲಿ ಕೆಳಗಿಳಿದದ್ದು.
'ಮಾಡಿದವರು' ಎಂಬ ಅಂಕಣದಲ್ಲಿ ಖಾಲಿ.
'ಬಳಸಿದವರು': ಯುರೋಪಿಯನ್ನರು.

ಕಳೆದ ಮಾಘದಲ್ಲಿ ಒಬ್ಬರು ಬಂದರು, ಮಫ್ಲರು ಸುತ್ತಿಕೊಂಡು,
ಸುಲ್ತಾನಪೇಟೆಯ ನಾಗಲಿಂಗಾಚಾರಿ.
ಪಿಂಚಣಿ ಕಾಗದ ಜೆರಾಕ್ಸ್ ಮಾಡಿಸಲು ಪೇಟೆಗೆ ಬಂದವರು,
ಕರೆಂಟು ಹೋಗಿ, ನೆರಳಿದೆಯೆಂದು ಒಳಗೆ ಬಂದರು.
ಬೇರೆ ಯಾವುದನ್ನೂ ನೋಡಲಿಲ್ಲ.
ಕುರ್ಚಿಯನ್ನೂ ಮುಂದಿನಿಂದ ನೋಡಲಿಲ್ಲ.
ಮೊಣಕಾಲೂರಿ, ಆಸನದ ಅಡಿಗೆ ಕೈ ಹಾಕಿ,
ಕತ್ತಲಲ್ಲಿ ಕೆಚ್ಚಲು ಹುಡುಕುವವರಂತೆ ತಡವಿದರು.
'ಐತೆ' ಅಂದರು.

ಟಾರ್ಚು ಹಾಕಿದೆ. ಉಳಿಯಲ್ಲಿ ಕೊರೆದ
ಎರಡು ಗೀಟು, ಬೆರಳಗಲ ಅಂತರ.

ಚಿತ್ರ ಮಾತ್ರ ಕೊಟ್ಟಿದ್ದರಂತೆ, ಒಂದು ಕಾಗದದ ಮೇಲೆ.
ಅಳತೆಗೆ ಕೂಸನ್ನು ಕರೆತನ್ನಿ ಎಂದರೆ ಬಟ್ಲರು ನಕ್ಕನಂತೆ,
ಆಚಾರಿಯ ದಾರ ದೊರೆಮಗುವಿನ ಮೈ ಮುಟ್ಟುವುದೆ?
'ಆವಾಗ ನಮ್ ತಾತ ನಮ್ಮಪ್ಪನ್ನೇ ಕೂರಿಸಿದ್ರಂತೆ.
ಹತ್ತು ತಿಂಗಳ ಕೂಸು. ತೊಡೆ ಇಲ್ಲೀಗಂಟ ಬಂತು,
ಅದು ಮೊದಲ್ನೇ ಗೀಟು.
ಬಿಳೀ ಮಕ್ಕಳು ದಪ್ಪ ಇರ್ತವೆ ಅಂತ
ಇನ್ನೊಂದು ಬೆರಳು ಬಿಟ್ರು, ಅದು ಎರಡ್ನೇದು.'

ಒಂದು ಮಧ್ಯಾಹ್ನ ಪೂರ್ತಿ ಮೌನಾಚಾರಿ ಎಂಬ ಕೂಸು
ಹಲಸಿನ ಮರದ ಹೊಟ್ಟಿನ ವಾಸನೆಯಲ್ಲಿ ಇದರ ಮೇಲಿತ್ತು.
ಅಜ್ಜಿ ಹಲಗೆಯ ಮೇಲೆ ಬೆಲ್ಲದ ಚೂರು ಇಟ್ಟಳಂತೆ.
ಇಳಿಸಿದಾಗ ಅತ್ತಿತಂತೆ.
ಅದನ್ನು ಅವರು ಎರಡು ಸಲ ಹೇಳಿದರು.
ಮರುದಿನ ಕೂಲಿಯವನೊಬ್ಬ ಕುರ್ಚಿಯನ್ನು ಬೋರಲಾಗಿ
ತಲೆಯ ಮೇಲೆ ಹೊತ್ತು ಬೆಟ್ಟದ ಮೆಟ್ಟಿಲು ಹತ್ತಿದ,
ನಾಲ್ಕು ಕಾಲೂ ಮಂಜಿನೊಳಕ್ಕೆ ಚಾಚಿ.

ಮೌನಾಚಾರಿ ಮುಂದೆ ಗಾಡಿಚಕ್ರಕ್ಕೆ ಹೆಸರಾದರು.
ಇಂಥದೊಂದು ಕುರ್ಚಿ ಮತ್ತೆ ಮಾಡಲೇ ಇಲ್ಲವೆ, ಅಂದೆ.
'ಯಾರು ಕೇಳ್ತಾರಮ್ಮ' ಅಂದರು.
ನನಗೆ ಬೇರೆ ಉತ್ತರ ಬೇಕಿತ್ತು.

ಕರೆಂಟು ಬಂತು. ಅವರು ಜೆರಾಕ್ಸಿಗೆ ಹೋದರು.
ಎರಡು ಗೀಟು ಸಾಕ್ಷಿಯಲ್ಲ ಎನ್ನುತ್ತದೆ ಸಮಿತಿ. ಸರಿಯೇ.
ಯುರೋಪಿಯನ್ನರು ಎಂಬುದರ ಪಕ್ಕ, ಪೆನ್ಸಿಲ್ಲಿನಲ್ಲಿ,
ಅಳಿಸಲು ಬರುವಂತೆ ಬರೆದಿದ್ದೇನೆ:
'ಮೊದಲು ಮೌನಾಚಾರಿ. ಒಂದು ಮಧ್ಯಾಹ್ನ.'

ಹಲಗೆಯ ಅಂಚಿನಲ್ಲಿ ಹಲ್ಲಿನ ಗುರುತೂ ಇವೆ.
ಪುಟ್ಟವು, ನಾಲ್ಕು. ಯಾರವೋ.
ಹತ್ತು ತಿಂಗಳಿಗೆ ಎಷ್ಟು ಹಲ್ಲು ಬಂದಿರುತ್ತವೆ ಎಂದು
ಗಂಗುಲಪ್ಪನನ್ನು ಕೇಳಿದೆ.
ಬುತ್ತಿ ಬಿಚ್ಚುತ್ತಿದ್ದವನು ನಿಲ್ಲಿಸಿ,
ತನ್ನ ಮಕ್ಕಳನ್ನು ಒಬ್ಬೊಬ್ಬರನ್ನೇ ನೆನೆಯುತ್ತ
ಬೆರಳು ಮಡಚತೊಡಗಿದ.