ಪಖಾಲಿ ಕೋಣ

ಮೊದಲನೇ ಗಾಡಿಗೆ ಕಾಲಿದ್ದವು, ಗಾಲಿ ಇರಲಿಲ್ಲ
ಎನ್ನುತ್ತಾನೆ ಹುಸೇನಪ್ಪ.
ಪೆನ್ಷನ್ ಆಗಿ ಹನ್ನೆರಡು ವರ್ಷವಾದರೂ
ನಮ್ಮ ಠಾಣೆಯ ಬೇವಿನ ಕೆಳಗೆ ದಿನಾ ಹಾಜರಿ.
ಅವನಪ್ಪ ರಾಯಚೂರು ಮುನಸಿಪಾಲ್ಟಿಯ ಪಖಾಲಿ ಹೊಡೆಯುತ್ತಿದ್ದನಂತೆ:
ಕೋಣನ ಬೆನ್ನಿನ ಎರಡೂ ಕಡೆ ಜೋತ ತೊಗಲಿನ ಚೀಲ,
ದಿನಾ ಬಜಾರದ ಧೂಳು ಅಡಗಿಸುವ ನೀರು.
ಬೆಂಕಿ ಬಿದ್ದ ದಿನವೂ
ಅದೇ ನೀರು, ಅದೇ ಕೋಣ, ಅದೇ ನಡಿಗೆ.

“ಓಡು ಅಂದರ ಓಡ್ತಿತ್ತೇನು?”
“ಕೋಣ ಯಾರ ಮಾತು ಕೇಳ್ತದ!
ಯಮಂದೂ ಅದೇ ಗಾಡಿ, ನಮ್ಮದೂ ಅದೇ ಗಾಡಿ.
ಒಂದೇ ಓಣ್ಯಾಗ ಎರಡೂ ಎದುರುಬದುರಾದ್ರ
ಯಾರು ಯಾರಿಗಿ ದಾರಿ ಬಿಡಬೇಕು, ನೀನೇ ಹೇಳು.”

ಆಮೇಲೆ ಬಂತು ಕೈಪಂಪಿನ ಬಂಡಿ.
ಆ ಕಡೆ ಇಬ್ಬರು, ಈ ಕಡೆ ಇಬ್ಬರು, ಒತ್ತು, ಎತ್ತು,
ಕ್ಯಾನ್ವಾಸಿನ ಪೈಪು ಬೆಂಕಿಗಿಂತ ಹೆಚ್ಚು
ಹಿಡಿದವರನ್ನೇ ತೋಯಿಸುತ್ತಿತ್ತು.

ಆಮೇಲೆ ಕೆಂಪು ಲಾರಿ, ಹಿತ್ತಾಳೆ ಗಂಟೆ.
ಹುಸೇನಪ್ಪನ ಹುದ್ದೆ ಫೈರ್‌ಮನ್, ಕೆಲಸ ಹಗ್ಗ ಜಗ್ಗುವುದು.
ಫುಟ್‌ಬೋರ್ಡಿನ ಮೇಲೆ ನಿಂತು, ಎಡಗೈ ಸರಳಿಗೆ, ಬಲಗೈ ಗಂಟೆಗೆ,
ಠಾಣೆಯಿಂದ ತೀನ್ ಕಂದಿಲ್, ತೀನ್ ಕಂದಿಲ್‌ನಿಂದ ಗಂಜ್.
ಈಗಲೂ ಅವನ ಬಲಭುಜ ಎರಡು ಬೆರಳು ಕೆಳಗಿದೆ,
ಅಂಗಿ ಹೊಲಿಯುವ ಟೇಲರಿಗೆ ಮಾತ್ರ ಗೊತ್ತು.
ಯಾವುದೋ ದೇವರ ಮೆರವಣಿಗೆ ಎಂದುಕೊಂಡು
ಮುದುಕಿಯರು ಹೊಸ್ತಿಲಿಗೆ ಬಂದು ಕೈ ಮುಗಿದರಂತೆ.
“ನಾನೂ ಒಮ್ಮೆ ಆಶೀರ್ವಾದ ಮಾಡೇಬಿಟ್ಟೆ” ಎಂದು ನಗುತ್ತಾನೆ,
ನಗು ಕೆಮ್ಮಾಗುತ್ತದೆ, ಹೊಗೆ ಕುಡಿದ ಎದೆ.

ಕಾಟಿ ದರ್ವಾಜಾದ ಮಾತು ಬಂದರೆ ಮಾತ್ರ ನಗುವುದಿಲ್ಲ.
ಲಾರಿಯ ನೆತ್ತಿಯ ಏಣಿ ಕಲ್ಲಿಗೆ ತಗಲಿ
ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.
ಆಚೆ ಮನೆ ತಾನಾಗಿ ಆರಿತು. ಒಳಗೆ ಮೂವರಿದ್ದರು.
ಮರುವರ್ಷ ಏಣಿ ಪಕ್ಕಕ್ಕೆ ಬಂತು.
ನಮ್ಮ ಗಾಡಿ ಬೆಳೆದದ್ದೇ ಹೀಗೆ:
ಎಲ್ಲಿ ಸೋತಿತೋ ಅಲ್ಲೊಂದು ಕೊಕ್ಕೆ,
ಯಾರು ಸತ್ತರೋ ಅವರ ಲೆಕ್ಕಕ್ಕೊಂದು ಕೊಳವೆ.
ಹೊಸ ಹುಡುಗರಿಗೆ ಅವು ಬಿಡಿಭಾಗಗಳು.

ನನ್ನ ಗಾಡಿಗೆ ನಾಲ್ಕೂವರೆ ಸಾವಿರ ಲೀಟರು,
ಸೈರನ್ನಿಗೆ ಮೂರು ದನಿ, ದಾರಿ ಹೇಳುವ ಫೋನು.
ಹೋದ ಏಪ್ರಿಲ್, ಮಧ್ಯಾಹ್ನ ಎರಡೂ ಹತ್ತು,
ಜಿನ್ನಿಂಗ್ ಮಿಲ್ಲಿನಿಂದ ಕರೆ: ಹತ್ತಿಗೆ ಹತ್ತಿದೆ.
ಮಾವಿನಕೆರೆಯ ದಾರಿಗೆ ಅಡ್ಡಲಾಗಿ ಎಮ್ಮೆಗಳು,
ನಡುವೆ ಒಂದು ಕೋಣ.
ಮೂರೂ ದನಿ ಹಾಕಿದೆ, ಹಾರ್ನ್ ಹಾಕಿದೆ, ತಾಯಿ ಹೆಸರೂ ಎತ್ತಿದೆ.
ಕಿವಿ ಕೂಡ ಅಲ್ಲಾಡಿಸಲಿಲ್ಲ.
ಇಳಿದು ಬೆನ್ನಿಗೆ ಅಂಗೈ ಇಟ್ಟೆ,
ನಮ್ಮ ಬಾನೆಟ್ಟಿನಷ್ಟೇ ಬಿಸಿ.
“ಅರ್ಜೆಂಟದ, ಸರಿಯಪ್ಪ.”
ಅದು ಗಾಡಿಯ ಹಿಂದೆ ಬಂದು
ವಾಲ್ವಿನಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ನಾಲಿಗೆ ಚಾಚಿತು.
ನಾಲ್ಕು ಸಲ ನೆಕ್ಕಿತು, ಎಣಿಸಿದೆ.
ಹೋಯಿತು. ಎಮ್ಮೆಗಳೂ ಹೋದವು.

ಜ್ವಾಲೆ ಸಂಜೆಗೆ ಬಿತ್ತು. ಹತ್ತಿಯ ಬೆಂಕಿ ಅದಲ್ಲ.
ಒಳಗೊಳಗೇ, ಹೊಗೆ ಸಹ ಬಿಡದೆ, ಗುಟ್ಟು ತಿಂದ ಹಾಗೆ
ಅಂಡಿಗೆಯಿಂದ ಅಂಡಿಗೆಗೆ ನಡೆಯುತ್ತದೆ.
ಮೂರನೇ ರಾತ್ರಿ, ಮಿಲ್ಲಿನ ಯಂಕೋಬ ಚಹಾ ತಂದ ಹೊತ್ತಿಗೆ
ಲುಂಗಿಯುಟ್ಟೇ ಬಂದ ಹುಸೇನಪ್ಪ.
ಯಾರನ್ನೂ ಮಾತಾಡಿಸದೆ ರಾಶಿಯ ಸುತ್ತ ನಡೆದ,
ಒಂದೊಂದು ಅಂಡಿಗೆಗೂ ಅಂಗೈ ಇಟ್ಟ,
ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ.
“ಇಲ್ಲದ” ಎಂದ.
ನಾನು ಪೈಪಿಗೆ ಓಡಿದೆ.
“ಬ್ಯಾಡ, ಒಂದು ಕೊಡ ಸಾಕು.”
ಕೊಡ ಬಂತು. ಹೊಲಿಗೆ ಬಿಚ್ಚಿಸಿ,
ಇಳಿದ ಭುಜದ ಕೈಯಿಂದ ಸುರಿದ,
ಒಂದಿಷ್ಟೂ ಅವಸರವಿಲ್ಲದೆ,
ಕೋಣನ ಪಕ್ಕ ನಿಂತು ಚೀಲದ ಬಾಯಿ ಬಿಚ್ಚಿದವರ ಹಾಗೆ.