ಸುಂಕವಿಲ್ಲದ ದಾರಿ

ಜನವರಿಯ ಮಂಜು ಕಿಟಕಿಗೆ ಮೂಗು ಒತ್ತಿ ನಿಂತಿದೆ.
ಅಡುಗೆಮನೆಯ ಮೇಜಿನ ಮೇಲೆ ಬ್ರೆಡ್ಡಿನ ಪುಡಿ ಒರೆಸಿ
ಎಜಿದಿಯೊ ನಕ್ಷೆ ಹಾಸುತ್ತಾನೆ,
ಹಳೆಯದು, ಮಡಿಕೆಗಳಲ್ಲಿ ಹರಿದದ್ದು,
ಜಿನೋವಾ ಇರಬೇಕಾದಲ್ಲಿ ಒಂದು ತೂತು.
ಇರಲಿ ಬಿಡು, ಊರೇನು ಎದ್ದು ಹೋದೀತೆ
ಅನ್ನುತ್ತೇನೆ ನಾನು.

ಅವನ ಕೈಯಲ್ಲಿ ಕೆಂಪು ಪೆನ್ಸಿಲ್ಲು, ಅಡಿಪಟ್ಟಿ.
ಮೂವತ್ತೊಂದು ವರ್ಷ ಶಾಲೆಯ ಗಂಟೆ ಬಾರಿಸಿದವನು
ಈಗ ಸಮುದ್ರಕ್ಕೂ ವೇಳಾಪಟ್ಟಿ ಬರೆಯುತ್ತಾನೆ:
ಎಂಟಕ್ಕೆ ಹೊರಡುವುದು
ಒಂಬತ್ತಕ್ಕೆ ತುರ್ಕಿನೊ ಘಾಟಿ
ಹತ್ತೂ ಕಾಲಿಗೆ ವೋಲ್ತ್ರಿ, ಅಲ್ಲಿಂದ ಬಲಕ್ಕೆ,
ಎಡಗಡೆ ಸಮುದ್ರ.
ಎಡಗಡೆ ಸಮುದ್ರ ಅನ್ನುವುದನ್ನೂ ಬರೆದಿದ್ದಾನೆ,
ತಪ್ಪಿಹೋಗಬಾರದಲ್ಲ.

ನಾನು ಸುಂಕದ ಗೂಡಿನಲ್ಲಿ ಕೂತವಳು.
ಒವಾದಾದ ಹೆದ್ದಾರಿ, ಮೂರನೆಯ ಕಿಂಡಿ, ಇಪ್ಪತ್ತೆಂಟು ವರ್ಷ.
ಆಗಸ್ಟಿನಲ್ಲಿ ಕಡಲಿಗೆ ಹೊರಟವರ ಕೈಗಳು
ನನ್ನ ಕಡೆ ಚಾಚುತ್ತಿದ್ದವು,
ಮುಖ ನೋಡಲು ಪುರುಸೊತ್ತು ಎಲ್ಲಿ.
ಹದಿನೈದು ದಿನಕ್ಕೆ ಅವೇ ಕೈಗಳು
ಕಂದಿ, ಸಿಪ್ಪೆ ಸುಲಿದು, ವಾಪಸು,
ನಾಣ್ಯಗಳ ಜೊತೆ ಒಂದಿಷ್ಟು ಮರಳು.
ಪಾಳಿ ಮುಗಿದು ಗಲ್ಲಾಪೆಟ್ಟಿಗೆಯ ಮೂಲೆ ಕೊಡವಿದರೆ
ಒಂದು ಚಮಚೆ ಕಡಲತೀರ.

ಆಮೇಲೆ ಯಂತ್ರ ಬಂತು.
ಶುಭ ಪ್ರಯಾಣ ಅನ್ನುತ್ತದೆ ಅದು, ಹೆಂಗಸಿನ ದನಿಯಲ್ಲಿ.
ಆ ದನಿ ನನ್ನದಲ್ಲ.
ನಾನು ಹಾಗೆ ಎಂದೂ ಅಂದವಳಲ್ಲ,
ಮುಂದೆ, ಮುಂದೆ, ಅಷ್ಟೇ ಅನ್ನುತ್ತಿದ್ದೆ.

ಆದ್ದರಿಂದ ನನ್ನ ಷರತ್ತು ಒಂದೇ:
ಸುಂಕ ಕಟ್ಟುವ ದಾರಿ ಬೇಡ.
ಹಳೆಯ ರಸ್ತೆ ಸಾಕು, ತಿರುವಿಗೊಂದು ತಿರುವು ಹೆತ್ತ ರಸ್ತೆ.
ಘಾಟಿಯ ಸುರಂಗದ ಈ ಬಾಯಲ್ಲಿ ಮಂಜು
ಆ ಬಾಯಲ್ಲಿ ಬಿಸಿಲು ಅಂತ ಹೇಳುತ್ತಾರೆ.
ಹೇಳಿದ್ದು ಕೇಳಿ ಕೇಳಿ ಸಾಕಾಗಿದೆ.

ಪಕ್ಕದ ಮನೆಯ ಪಾಲ್ಮಿರಾ ಎಲೆಕೋಸು ಕೊಡಲು ಬಂದವಳು
ನಕ್ಷೆ ನೋಡಿ ನಗುತ್ತಾಳೆ:
ಚಳಿಯಲ್ಲಿ ಸಮುದ್ರಕ್ಕೆ ಯಾರು ಹೋಗುತ್ತಾರೆ, ಇರ್ಮಾ?
ಕೊಡೆಗಳನ್ನೆಲ್ಲ ಮಡಚಿ ಕಟ್ಟಿರುತ್ತಾರೆ,
ಹೋಟೆಲಿನ ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿರುತ್ತವೆ.
ಅದೇ ಬೇಕು ನನಗೆ ಅನ್ನುತ್ತೇನೆ,
ಅಂಗಡಿ ಮುಚ್ಚಿದ ಮೇಲೆ ಅದು ಒಬ್ಬಂಟಿಯಾಗಿ ಏನು ಮಾಡುತ್ತದೆ
ನೋಡಬೇಕು.

ಮಾತಿನ ಭರದಲ್ಲಿ ಕಾಫಿಯ ಬಟ್ಟಲು ಎತ್ತಿದರೆ
ನೋಲಿ ಊರಿನ ಸುತ್ತ ಕಂದು ಉಂಗುರ.
ಎಜಿದಿಯೊ ಬಟ್ಟೆ ಹುಡುಕಲು ಏಳುತ್ತಾನೆ.
ಒರೆಸಬೇಡ, ಅಲ್ಲೇ ಎರಡು ರಾತ್ರಿ.
ಅವನು ಅಡಿಪಟ್ಟಿ ಇಡುತ್ತಾನೆ: ಎಂಬತ್ತೇ ಕಿಲೋಮೀಟರು!
ಹೀಗಾದರೆ ಗಡಿ ಮುಟ್ಟುವುದು ಯಾವಾಗ?
ಗಡಿಗೆ ನಾವೇನು ಸಾಲ ತೀರಿಸಬೇಕೇ?

ಆಲ್ಬೆಂಗಾದಲ್ಲಿ ಮಾತ್ರ ಇಬ್ಬರದೂ ಒಂದೇ ಮನಸ್ಸು.
ರೋಮಿನವರ ಕಾಲದ ಕಲ್ಲುದಾರಿ, ಅದರ ಪಕ್ಕಕ್ಕೇ ಗೋರಿಗಳು,
ಹೋಗುವವರು ಬರುವವರು ಹೆಸರು ಓದಲಿ ಎಂದು.
ಅವನಿಗೆ ಇತಿಹಾಸ.
ನನಗೆ, ಹೇಗೆ ಹೇಳಲಿ,
ಸಹೋದ್ಯೋಗಿಗಳು.

ಫೋನಿನಲ್ಲಿ ಸುದ್ದಿ: ಮುಂದೆಲ್ಲೋ ಗುಡ್ಡ ಜರಿದು
ಔರೇಲಿಯಾದಲ್ಲಿ ಒಂದೇ ಸಾಲಿನ ಓಡಾಟ,
ಕೆಂಪು ದೀಪ ಹತ್ತು ನಿಮಿಷ.
ಅವನ ಹುಬ್ಬು ಗಂಟಾಗುತ್ತದೆ.
ನಾನು ಆ ಹತ್ತು ನಿಮಿಷಕ್ಕೆ ಈಗಲೇ
ಕಡಲೆಹಿಟ್ಟಿನ ಫರಿನಾತಾ ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದೇನೆ,
ಮನಸ್ಸಿನಲ್ಲಿ.

ಕಾರು ನಮ್ಮ ಹಳೆಯ ಪಾಂಡಾ,
ಬಿಸಿಗಾಳಿ ಎಡಗಾಲಿಗೆ ಮಾತ್ರ,
ಸರದಿಯ ಮೇಲೆ ಓಡಿಸುವುದೆಂದು ಒಪ್ಪಂದ.
ಡಿಕ್ಕಿಯಲ್ಲಿ ಹಿಮದ ಸರಪಳಿ, ಕಂಬಳಿ,
ಕಂಬಳಿಯೊಳಗೆ ಅವನಿಗೆ ಹೇಳದ ಒಂದು ಕಾಫಿ ಡಬ್ಬಿ,
ಮುಕ್ಕಾಲು ತುಂಬಿದೆ.
ಲೆಕ್ಕದಲ್ಲಿ ನಾನು ಯಾರ ಚಿಲ್ಲರೆಯನ್ನೂ
ಉಳಿಸಿಕೊಂಡವಳಲ್ಲ.

ನಾಳೆಯೂ ಮಂಜು ಹೀಗೇ ಇದ್ದರೆ?
ಅನ್ನುತ್ತಾನೆ, ಪೆನ್ಸಿಲ್ಲು ಕಚ್ಚುತ್ತ.
ಎಂಟರ ಮುಂದೆ ಒಂದು ಸಣ್ಣ ಪ್ರಶ್ನೆ ಬರೆದು
ಮೊದಲ ಸಲ, ಅಡಿಪಟ್ಟಿ ಇಲ್ಲದೆ,
ನೋಲಿಯವರೆಗೆ ಗೆರೆ ಎಳೆಯುತ್ತಾನೆ.
ಗೆರೆ ಸೊಟ್ಟ.
ರಸ್ತೆಯೂ ಹಾಗೇ ಇದೆಯಂತೆ.